ಹತ್ತಿ ಅಂದುಕೊಂಡಿದ್ದು

ನಮ್ಮದು ದೇವದುರ್ಗದ ಕಡೆ ಊರು. ಮನೆಯಲ್ಲಿ ಈಗಲೂ ಹತ್ತಿ ಬೆಳೆಯುತ್ತಾರೆ. ಶಾಲೆಗೆ ಚಕ್ಕರ್ ಹಾಕಿ ಹತ್ತಿ ಬಿಡಿಸಿದ್ದೇನೆ, ಅಜ್ಜಿ ಜೊತೆ ಕೂತು ಬತ್ತಿ ಹೊಸೆದಿದ್ದೇನೆ. ಹಾಗಾಗಿ ಸ್ಲೈಡಿನಲ್ಲಿ ಹತ್ತಿ ಎಳೆ ಕಂಡರೆ ನನಗೆ ಗೊತ್ತಾಗಲ್ವಾ ಅನ್ನೋ ಧಿಮಾಕು ನನಗಿತ್ತು. ಅದು ಇಳಿದದ್ದು ಒಂದು ಸೋಮವಾರ ಬೆಳಿಗ್ಗೆ, ರಾಯಚೂರಿನ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ. ಅಲ್ಲಿ ನಾನು ಟೆಕ್ನಿಷಿಯನ್.

ಶುರುವಾಗಿದ್ದು ಶನಿವಾರ. ಮೇ ತಿಂಗಳು, ಮಧ್ಯಾಹ್ನ ಒಂದೂವರೆ. ಬ್ಲಡ್ ಕಲ್ಚರ್ ಬಾಟಲಿಗಳೆಲ್ಲ ಲೋಡ್ ಆಗಿದ್ದವು, ರಿಜಿಸ್ಟರ್ ಬರೆದಾಗಿತ್ತು, ನನ್ನ ತಲೆ ಆಗಲೇ ಬಸ್‌ಸ್ಟ್ಯಾಂಡಿನಲ್ಲಿತ್ತು. ಆಗ ಓಟಿ ಹುಡುಗ ಬಂದು ಒಂದು ಪೆನ್ಸಿಲಿನ್ ಬಾಟಲಿ ಇಟ್ಟು ಹೋದ. ಒಳಗೆ ಸಲೈನಿನಲ್ಲಿ ನೆನೆದ ಗಾಜ್ ಪೀಸ್, ಅದೇ ಬ್ಯಾಂಡೇಜ್ ಬಟ್ಟೆ. ಅದರ ಮಡಿಕೆಯಲ್ಲೆಲ್ಲೋ ತೊಗರಿಬೇಳೆಯಷ್ಟು ಟಿಶ್ಯೂ. ಫಾರ್ಮಿನಲ್ಲಿ 'ನೇಸಲ್ ಟಿಶ್ಯೂ, ಕೆಒಎಚ್, ಫಂಗಲ್ ಕಲ್ಚರ್' ಅಂತಿತ್ತು. ಅಷ್ಟೇ ಇದೆ ಅಂದುಕೊಂಡು ಮಡಚಿಟ್ಟೆ.

ಟಿಶ್ಯೂವನ್ನು ಬಟ್ಟೆಯಿಂದ ಬಿಡಿಸೋದಕ್ಕೇ ಐದು ನಿಮಿಷ ಹಿಡಿಯಿತು. ಒಂದು ಚೂರಿಗೆ 20 ಪರ್ಸೆಂಟ್ ಕೆಒಎಚ್, ಅಂದರೆ ಟಿಶ್ಯೂ ಕರಗಿಸಿ ಫಂಗಸ್ ಎಳೆ ಕಾಣೋ ಹಾಗೆ ಮಾಡೋ ಕ್ಷಾರ, ಹಾಕಿ ಕವರ್‌ಸ್ಲಿಪ್ ಮುಚ್ಚಿದೆ. ಉಳಿದದ್ದನ್ನು ಟಿಬಿ ಸ್ಯಾಂಪಲ್ ಅರೆಯುವ ಹಾಗೆ ಮಾರ್ಟರಿನಲ್ಲಿ ಚೆನ್ನಾಗಿ ಚಟ್ನಿ ಅರೆದು ಫಂಗಸ್ ಬೆಳೆಸೋ ಎಸ್‌ಡಿಎ ಟ್ಯೂಬಿಗೆ ಹಾಕಿದೆ. ಅರೆದಷ್ಟೂ ಒಳ್ಳೇದು ಅಂತ ನನ್ನ ತಿಳುವಳಿಕೆ. ಅದೂ ತಪ್ಪೇ, ಅದಕ್ಕೆ ಆಮೇಲೆ ಬರುತ್ತೇನೆ.

ಇಪ್ಪತ್ತು ನಿಮಿಷಕ್ಕೆ ಸ್ಲೈಡ್ ನೋಡಿದೆ. ಟಿಶ್ಯೂ ಅರ್ಧವೂ ಕರಗಿರಲಿಲ್ಲ, ಎಲ್ಲ ಮಸುಕು. ನಡುವೆ ಅಗಲವಾದ, ಚಪ್ಪಟೆ ರಿಬ್ಬನ್ನಿನಂಥ ಎಳೆಗಳು, ಎರಡೋ ಮೂರೋ. ಒಂದು ಮಡಚಿಕೊಂಡಿತ್ತು. ಅಡ್ಡಗೋಡೆ ಕಾಣಲಿಲ್ಲ. ನನಗೆ ಕೈಬಳಕೆ ಇದ್ದ ಫಂಗಸ್ ಅಂದರೆ ಕ್ಯಾಂಡಿಡಾ ಮತ್ತು ಆಸ್ಪರ್ಜಿಲಸ್. ಆಸ್ಪರ್ಜಿಲಸ್ ಆದರೆ ಎಳೆ ಸಣ್ಣ, ಕಬ್ಬಿನ ಗಿಣ್ಣಿನ ಹಾಗೆ ನಡುನಡುವೆ ಅಡ್ಡಗೋಡೆ, ಕವಲು 45 ಡಿಗ್ರಿಗೆ. ಇದು ಹಾಗಿರಲಿಲ್ಲ. ಗಾಜ್ ಪೀಸಿನಲ್ಲಿ ಬಂದ ಟಿಶ್ಯೂ, ಚಪ್ಪಟೆ ಎಳೆ, ತಿರುವು ಬೇರೆ. ಮತ್ತೇನು, ಹತ್ತಿ! 'ಫಂಗಲ್ ಎಲಿಮೆಂಟ್ಸ್ ನಾಟ್ ಸೀನ್' ಅಂತ ಹೊಡೆದು, ಸ್ಲೈಡನ್ನು ಒದ್ದೆ ಫಿಲ್ಟರ್ ಪೇಪರ್ ಇಟ್ಟ ಪೆಟ್ರಿ ಡಿಶ್‌ನಲ್ಲಿ ಮುಚ್ಚಿಟ್ಟು ಬಸ್ ಹಿಡಿದೆ. ನೆಗೆಟಿವ್ ಟಿಶ್ಯೂ ಸ್ಲೈಡನ್ನು ಹಾಗೆ ಇಟ್ಟು ಮರುದಿನ ಮತ್ತೊಮ್ಮೆ ನೋಡಬೇಕು ಅನ್ನೋದು ನಮ್ಮ ನಿಯಮ. ಮರುದಿನ ಭಾನುವಾರ. ಭಾನುವಾರದ ಡ್ಯೂಟಿಗೆ ಇದ್ದದ್ದು ಒಬ್ಬನೇ ಹುಡುಗ, ಅವನಿಗೆ ನಾನು ಹೇಳಲೂ ಇಲ್ಲ.

ಸೋಮವಾರ ಹತ್ತಕ್ಕೆ ಇಎನ್‌ಟಿ ಪಿಜಿ ಡಾಕ್ಟರ್ ಸೀದಾ ಒಳಗೆ ಬಂದರು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ಮೇಡಂ, ಖರೇನ ಏನೂ ಇಲ್ಲೇನ್ರಿ? ಪೇಷಂಟಿಂದು ಕಣ್ಣು ಬಾತು ಮುಚ್ಚ್ಯಾದ. ಮೂಗಿನಾಗ ಕರ್ರಗ ಕಟ್ಟ್ಯಾದ. ಶನಿವಾರ ರಾತ್ರಿನೇ ಆಂಫೋ ಹಚ್ಚೀವಿ. ಈಗ ಕ್ರಿಯಾಟಿನಿನ್ ಏರ್ಲಿಕತ್ತದ, ಎಲ್ಲಾ ನೆಗೆಟಿವ್ ಅದಲ್ಲ, ನಿಲ್ಲಿಸ್ರಿ ಅಂತಾರ ಮೆಡಿಸಿನ್‌ನವರು."

ಆಂಫೋ ಅಂದರೆ ಆಂಫೋಟೆರಿಸಿನ್, ಫಂಗಸ್ ಔಷಧಿ. ಕಿಡ್ನಿಗೆ ಪೆಟ್ಟು ಕೊಡುತ್ತೆ, ಕ್ರಿಯಾಟಿನಿನ್ ಏರೋದು ಅದಕ್ಕೇ. 'ಎಲ್ಲಾ' ಅಂದರೆ ನನ್ನ ಕೆಒಎಚ್ ಒಂದೇ ಅಲ್ಲ. ಅಡ್ಮಿಟ್ ಆದ ದಿನವೇ ರಕ್ತವನ್ನು ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸಿದ್ದರು, ಗ್ಯಾಲಕ್ಟೋಮನ್ನನ್ ಮತ್ತು ಬೀಟಾ ಗ್ಲುಕಾನ್‌ಗೆ. ಫಂಗಸ್ ಗೋಡೆಯ ಅಂಶ ರಕ್ತದಲ್ಲಿದೆಯಾ ಅಂತ ನೋಡೋ ಟೆಸ್ಟುಗಳು. ಪೇಷಂಟ್ ಸಿಂಧನೂರು ಕಡೆಯ ಭತ್ತದ ರೈತ, ದುಡ್ಡು ಮಗ ಕೈಯಿಂದ ಕಟ್ಟಿದ್ದ. ಎರಡೂ ರಿಪೋರ್ಟ್ ಅವತ್ತು ಬೆಳಿಗ್ಗೆ ಪಿಜಿ ಮೊಬೈಲಿಗೆ ಬಂದಿದ್ದವು. ಎರಡೂ ನೆಗೆಟಿವ್. ಅದನ್ನು ನೋಡಿ, ನಿಜ ಹೇಳಬೇಕಂದ್ರೆ, ನನಗೆ ಒಳಗೊಳಗೇ ಹಾಯೆನಿಸಿತು. ದೊಡ್ಡ ಲ್ಯಾಬೂ ನನ್ನ ಮಾತನ್ನೇ ಹೇಳಿದೆಯಲ್ಲ!

"ಒಂದ್ಸಲ ಸ್ಲೈಡ್ ತೋರಸ್ರಿ" ಅಂದರು ಪಿಜಿ.

ಪೆಟ್ರಿ ಡಿಶ್ ತೆಗೆದೆ. ಫಿಲ್ಟರ್ ಪೇಪರ್ ಒಣಗಿ ಹಪ್ಪಳ ಆಗಿತ್ತು. ರಾಯಚೂರಿನ ಮೇ ತಿಂಗಳು, ಎರಡು ರಾತ್ರಿ, ಯಾರೂ ಒಂದು ತೊಟ್ಟು ನೀರು ಹಾಕಿಲ್ಲ. ಕವರ್‌ಸ್ಲಿಪ್ಪಿನ ಅಂಚಿನಲ್ಲಿ ಕೆಒಎಚ್ ಹರಳುಗಟ್ಟಿತ್ತು. ಬಾಟಲಿಯಲ್ಲಿ ಬೇರೆ ಟಿಶ್ಯೂ ಇಲ್ಲ, ಎಲ್ಲ ಅರೆದಾಗಿದೆ. ಈ ಸ್ಲೈಡ್ ಹೋದರೆ ಮುಗೀತು. ಅಂಚಿಗೆ ಒಂದು ಹನಿ ಕೆಒಎಚ್ ಬಿಟ್ಟು ಅದು ಒಳಗೆ ಹರಿಯೋದನ್ನು ಕಾದೆ. ಪಿಜಿ ಗಡಿಯಾರ ನೋಡುತ್ತಿದ್ದರು. ನಾನು ಸುಮ್ನೆ ಫಾರ್ಮ್ ಬಿಚ್ಚಿದೆ, ಕೈಗೆ ಏನಾದರೂ ಕೆಲಸ ಬೇಕಿತ್ತು. ಕೆಳಗೆ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, 'ಡಿಕೆಎ, ಬ್ಲ್ಯಾಕ್ ಕ್ರಸ್ಟ್'. ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋಗಿದೆ, ಮೂಗಿನಲ್ಲಿ ಕರ್ರಗೆ ಕಟ್ಟಿದೆ ಅಂತ. ಶನಿವಾರವೂ ಅದು ಅಲ್ಲೇ ಇತ್ತು. ಓದಿರಲಿಲ್ಲ, ಅಷ್ಟೇ.

ಸ್ಲೈಡನ್ನು ಹತ್ತರ ಲೆನ್ಸಿನಲ್ಲಿ ಹಿಡಿದು ನಲವತ್ತಕ್ಕೆ ತಂದೆ. ನಡುಭಾಗ ಇನ್ನೂ ಒದ್ದೆಯಿತ್ತು. ಎರಡು ದಿನದಲ್ಲಿ ಟಿಶ್ಯೂ ಚೆನ್ನಾಗಿ ಕರಗಿ ತಿಳಿಯಾಗಿತ್ತು. ನನ್ನ ಹತ್ತಿ ಎಳೆ ಅದೇ ಜಾಗದಲ್ಲಿತ್ತು. ಅದರ ಮಗ್ಗುಲಿಂದ ನೆಟ್ಟಗೆ, ಬಡಗಿಯ ಮೂಲೆಮಟ್ಟ ಇಟ್ಟ ಹಾಗೆ, ಇನ್ನೊಂದು ಎಳೆ ಹೊರಟಿತ್ತು. ಪಕ್ಕದ ಫೀಲ್ಡಿನಲ್ಲಿ ಇನ್ನೊಂದು. ಅದರ ಪಕ್ಕ ಮತ್ತೊಂದು.

ಬಾಯಿ ಒಣಗಿತು. ನಮ್ಮ ಸೀನಿಯರ್ ಸರ್‌ನ ಕರೆದೆ. ರಿಟೈರ್‌ಮೆಂಟಿಗೆ ಹತ್ತಿರ ಇರೋರು. 2021ರಲ್ಲಿ ಬ್ಲ್ಯಾಕ್ ಫಂಗಸ್ ಸ್ಯಾಂಪಲ್ ಎಲ್ಲ ನೋಡಿದವರು ಅವರೇ. ನಾನು ಆಗ ಹಗಲು ರಾತ್ರಿ ಆರ್‌ಟಿಪಿಸಿಆರ್ ಸೆಕ್ಷನ್ನಿನಲ್ಲಿ ಬಿದ್ದಿದ್ದೆ. ಅವರು ಕಣ್ಣಿಟ್ಟು ಅರ್ಧ ನಿಮಿಷವೂ ನೋಡಲಿಲ್ಲ.

"ಹತ್ತಿ ಗಿಡಕ್ಕ ಟೊಂಗಿ ಇರ್ತಾವವ್ವಾ. ಹತ್ತಿ ಎಳಿಗೆ ಎಲ್ಲಿ ಟೊಂಗಿ?"

ಆ ಮಾತು ಇನ್ನೂ ಚುಚ್ಚುತ್ತೆ.

ಪಿಜಿ ಮೊಬೈಲ್ ಎತ್ತಿ ತೋರಿಸಿದರು: ಮತ್ತ ಇವು ನೆಗೆಟಿವ್ ಯಾಕ? ಸರ್ ನಿಂತಲ್ಲೇ ಹೇಳಿದರು. ಗ್ಯಾಲಕ್ಟೋಮನ್ನನ್ ಹುಡುಕೋದು ಮುಖ್ಯವಾಗಿ ಆಸ್ಪರ್ಜಿಲಸ್‌ನ್ನು. ಬೀಟಾ ಗ್ಲುಕಾನ್ ಟೆಸ್ಟು ಕ್ಯಾಂಡಿಡಾ, ಆಸ್ಪರ್ಜಿಲಸ್, ನ್ಯೂಮೋಸಿಸ್ಟಿಸ್‌ನಲ್ಲಿ ಏರುತ್ತೆ. ಇಲ್ಲಿ ಕಂಡದ್ದು ಮ್ಯೂಕರ್, ಅದೇ ಬ್ಲ್ಯಾಕ್ ಫಂಗಸ್. ಅದರ ಗೋಡೆಯಲ್ಲಿ ಬೀಟಾ ಗ್ಲುಕಾನ್ ಇರೋದು ನಾಮಕಾವಾಸ್ತೆ. ಅಂದರೆ ಇವೆರಡೂ ಆ ಮನುಷ್ಯನ ಕಾಯಿಲೆಯನ್ನು ಕೇಳಲೇ ಇಲ್ಲ, ಬೇರೆ ಯಾರನ್ನೋ ಕೇಳಿ 'ಇಲ್ಲ' ಅಂತ ಬಂದವು. ತಮಾಷೆ ನೋಡಿ, ಆಪರೇಷನ್ನಿನಲ್ಲಿ ಗಾಜ್ ಪೀಸ್ ಜಾಸ್ತಿ ಬಳಸಿದರೆ ಬೀಟಾ ಗ್ಲುಕಾನ್ ಸುಳ್ಳು ಪಾಸಿಟಿವ್ ಬರೋದುಂಟು. ಹತ್ತಿ ಅಲ್ಲೂ ಬಿಡಲ್ಲ. ಫಂಗಸ್ ಎಳೆ ಹೊಳೆಯೋ ಹಾಗೆ ಮಾಡೋ ಬಣ್ಣ ಕ್ಯಾಲ್ಕೋಫ್ಲೋರ್ ಇದ್ದಿದ್ದರೆ ಎಳೆಗಳು ಎದ್ದು ಕಾಣುತ್ತಿದ್ದವು ನಿಜ, ಅದರ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಎರಡು ಸಲ ವಾಪಸ್ ಬಂದಿದೆ. ಆದರೆ ಹತ್ತಿ ಕೂಡ ಅದರಲ್ಲಿ ಹಾಗೇ ಹೊಳೆಯುತ್ತೆ. ಕವಲು ಇದೆಯಾ ಅಂತ ಕಣ್ಣೇ ನೋಡಬೇಕು.

ರಿಪೋರ್ಟ್ ತಿದ್ದೋದು ಇನ್ನೊಂದು ಕಥೆ. ಆಥರೈಸ್ ಆದ ರಿಪೋರ್ಟನ್ನು ಸಾಫ್ಟ್‌ವೇರ್ ಬಿಚ್ಚೋದಿಲ್ಲ, ಎಚ್‌ಒಡಿ ಪಾಸ್‌ವರ್ಡ್ ಬೇಕು, ಎಚ್‌ಒಡಿ ಮೀಟಿಂಗಿನಲ್ಲಿ, ಮೀಟಿಂಗಿನಲ್ಲಿ ಫೋನ್ ಸೈಲೆಂಟ್. ಕೊನೆಗೆ ಬಿಳಿ ಹಾಳೆ ಮೇಲೆ ಕೈಯಲ್ಲೇ ಬರೆದು ಸರ್ ಸಹಿ ಹಾಕಿ ಕೊಟ್ಟರು. ಪಿಜಿ ಅದನ್ನು ಹಿಡಿದು ಓಡಿದರು. ಕಂಪ್ಯೂಟರಿನಲ್ಲಿ ಸಂಜೆವರೆಗೂ ನೆಗೆಟಿವ್ವೇ ಇತ್ತು.

ಆಂಫೋ ನಿಲ್ಲಿಸಲಿಲ್ಲ. ಮೂರು ಗಂಟೆಗೆ ಓಟಿಗೆ ತಗೊಂಡರು. ಈ ಸಲ ಟಿಶ್ಯೂ ಸ್ಟೆರೈಲ್ ಡಬ್ಬಿಯಲ್ಲಿ ಬಂತು, ಬಟ್ಟೆ ಇಲ್ಲದೆ. ನಾನೇ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಅರೆಯಲಿಲ್ಲ. ಮ್ಯೂಕರ್ ಎಳೆಗೆ ಅಡ್ಡಗೋಡೆ ಇಲ್ಲದ್ದರಿಂದ ಅರೆದರೆ ಒಡೆದು ಸತ್ತೇ ಹೋಗುತ್ತೆ, ಬ್ಲೇಡಿನಲ್ಲಿ ಚೂರು ಮಾಡಿ ಹಾಗೇ ಇಡಬೇಕು. ಸೈಕ್ಲೋಹೆಕ್ಸಿಮೈಡ್ ಇರೋ ಟ್ಯೂಬೂ ಇದಕ್ಕೆ ಆಗಲ್ಲ, ಆ ರಾಸಾಯನಿಕ ಮ್ಯೂಕರನ್ನು ಬೆಳೆಯಗೊಡಲ್ಲ. ಶನಿವಾರದ ನನ್ನ ಚಟ್ನಿ ಟ್ಯೂಬಿನಲ್ಲಿ ಮೂರು ವಾರ ಕಳೆದರೂ ಏನೂ ಬರಲಿಲ್ಲ.

ಬುಧವಾರ ಬೆಳಿಗ್ಗೆ ಇನ್‌ಕ್ಯುಬೇಟರ್ ಒರೆಸಲು ಹೋದ ನಮ್ಮ ಅಟೆಂಡರ್ ಅಲ್ಲಿಂದಲೇ ಕೂಗಿದಳು: "ಅಕ್ಕಾರ, ಟ್ಯೂಬಿನಾಗ ಹತ್ತಿ ಯಾಕ ತುರುಕೀರಿ?"

ಹೋಗಿ ನೋಡಿದೆ. ಬಿಳೀ ಅರಳೆ ಮುಚ್ಚಳದವರೆಗೂ ಉಬ್ಬಿತ್ತು, ನಮ್ಮ ಹೊಲದಲ್ಲಿ ಕಾಯಿ ಬಿರಿದ ಹಾಗೆ. ಎರಡು ದಿನ ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿ ಕಪ್ಪು ಚುಕ್ಕಿ ಬಂದವು. ಸ್ಲೈಡಿನಲ್ಲಿ ಮೌಂಟ್ ಮಾಡಿದರೆ ಬೇರು ಕೂಡ ಕಂಡವು: ರೈಜೋಪಸ್, ಮ್ಯೂಕರ್ ಗುಂಪಿನದೇ. ಮೌಂಟಿಗೆ ಹಾಕೋ ಬಣ್ಣದ ಹೆಸರು ಕಾಟನ್ ಬ್ಲೂ. ಸರ್ ಅದನ್ನೂ ನೆನಪಿಸದೆ ಬಿಡಲಿಲ್ಲ.

ಪೇಷಂಟ್ ಉಳಿದರು. ಎಡಗಣ್ಣು ಹೋಯಿತು. ಶನಿವಾರ ಮಧ್ಯಾಹ್ನವೇ ನಾನು ಸರಿ ಹೇಳಿದ್ದರೆ ಉಳಿಯುತ್ತಿತ್ತಾ ಅಂತ ಪಿಜಿಯನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಡಿಸ್ಚಾರ್ಜ್ ದಿನ ಮಗ ಲ್ಯಾಬಿಗೆ ಬಂದು ರಿಪೋರ್ಟ್ ಝೆರಾಕ್ಸ್ ಕೇಳಿದ. "ಯಾವುದು?" ಅಂದೆ. "ಖರೇದು ಇದ್ದದ್ದು ಕೊಡ್ರಿ" ಅಂದ.

ಟಿಶ್ಯೂ ಗಾಜ್ ಪೀಸಿನಲ್ಲಿ ಕಳಿಸಬೇಡಿ ಅಂತ ಆಮೇಲೆ ಸರ್ಕ್ಯುಲರ್ ಹೋಯಿತು. ಮೊನ್ನೆ ಮತ್ತೊಂದು ಪೆನ್ಸಿಲಿನ್ ಬಾಟಲಿ ಬಂತು, ಒಳಗೆ ಅದೇ ಬಟ್ಟೆ. ಓಟಿಗೆ ಫೋನ್ ಹಚ್ಚಿ ಸಿಟ್ಟಿನಲ್ಲೇ ಕೇಳಿದೆ. ಸಿಸ್ಟರ್ ತಣ್ಣಗೆ ಹೇಳಿದರು: "ಸರ್ಕ್ಯುಲರ್ ಬಂದದರಿ, ಫೈಲಿನಾಗ ಅದ. ಡಬ್ಬಿ ಎಲ್ಲಿ ಕೊಟ್ಟೀರಿ?"

ಡಬ್ಬಿಯ ಇಂಡೆಂಟ್ ಸ್ಟೋರಿನಲ್ಲಿದೆ. ಕ್ಯಾಲ್ಕೋಫ್ಲೋರ್ ಇಂಡೆಂಟಿನ ಕೆಳಗೆ.