ಹಿನ್ನೀರಿನ ದೋಣಿ ಪುಸ್ತಕಗಳು: ನಾಲ್ಕನೇ ತಿಂಗಳ ಕೆಲಸ

ಹನ್ನೊಂದು ನೋಟ್‌ಬುಕ್ ಮುಗಿದವು. ಇನ್ನೂ ಹನ್ನೆರಡು ಬಾಕಿ ಇವೆ.

ಹೊಸದಾಗಿ ಓದುವವರಿಗೆ ಒಂದು ಮಾತು. ಶರಾವತಿ ಹಿನ್ನೀರಿನಲ್ಲಿ ಸಣ್ಣ ದೋಣಿಗಳಲ್ಲಿ ಎರಡು ಮೂರು ದಿನ ತಿರುಗಿ, ದಡದಲ್ಲೇ ಅಡುಗೆ ಮಾಡಿಕೊಂಡು ಮಲಗಿ ಬರುವ ಗೆಳೆಯರ ಗುಂಪು ನಮ್ಮದು. ಸಾಗರದ ಸುತ್ತಮುತ್ತಲಿನವರೇ ಜಾಸ್ತಿ. ಪ್ರತಿ ದೋಣಿಗೂ ಒಂದು ಪುಸ್ತಕ, ಅದರಲ್ಲಿ ದಿನಾ ಬರೆಯಬೇಕು ಅನ್ನೋದು ಮೊದಲಿಂದಲೂ ರೂಢಿ. ಆ ಪುಸ್ತಕಗಳನ್ನು ಉಳಿಸಿಕೊಳ್ಳೋದಕ್ಕೇ ಈ ಓಡಾಟ.

ಈ ತಿಂಗಳು ಸಿಕ್ಕಿದ ಕಟ್ಟು ತುಂಬಾ ಹಾಳಾಗಿತ್ತು. ಅಟ್ಟದ ಮೇಲಿನ ಟ್ರಂಕಿನಲ್ಲಿ ಎಷ್ಟೋ ಮಳೆಗಾಲ ಕಳೆದಿದ್ದವು. ಮಲೆನಾಡಿನ ಮಳೆಗಾಲ ಅಂದ್ರೆ ಗೊತ್ತಲ್ವಾ, ಚಪ್ಪಲಿಗೂ ಬೂಷ್ಟು ಬರುತ್ತೆ. ಬಿಸಿಲಿಗೆ ಇಟ್ಟರೆ ಹಾಳೆ ಸುರುಟಿಕೊಂಡು ಬಣ್ಣಗೆಡುತ್ತೆ. ಹಾಗಾಗಿ ಜಗಲಿಯ ನೆರಳಲ್ಲಿ, ಫ್ಯಾನ್ ಗಾಳಿಗೆ, ನಡುನಡುವೆ ಬ್ಲಾಟಿಂಗ್ ಪೇಪರ್ ಇಟ್ಟು ಒಣಗಿಸಿದೆ. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ ಕೂತು, ಮೆತ್ತನೆ ಬ್ರಷ್‌ನಿಂದ ಬೂಷ್ಟು ಒರೆಸಿದೆ. ತುಕ್ಕು ಹಿಡಿದ ಪಿನ್ನುಗಳನ್ನೆಲ್ಲ ಕಿತ್ತೆ. ಒಂದು ಕಡೆ ಯಾರೋ ಪ್ರೀತಿಯಿಂದ ಸೆಲ್ಲೋಟೇಪ್ ಹಚ್ಚಿದ್ದರು. ಅದರ ಅಂಟು ಹಳದಿಯಾಗಿ ಹಿಂದಿನ ಪುಟಕ್ಕೂ ಇಳಿದಿತ್ತು. ದಯವಿಟ್ಟು ಯಾರೂ ಟೇಪ್ ಹಾಕಬೇಡಿ. ಹರಿದ ಹಾಳೆಯನ್ನು ಹಾಗೇ ಕವರಿನಲ್ಲಿಟ್ಟರೆ ಸಾಕು.

ಬರಹದಲ್ಲಿ ಉಳಿದಿದ್ದು ಯಾವುದು ಗೊತ್ತಾ? ಪೆನ್ಸಿಲ್. ಶಾಯಿ ಪೆನ್ನಿನ ಪುಟಗಳು ನೀರು ತಾಗಿ ನೀಲಿ ಕಲೆಯಾಗಿವೆ. ಬಾಲ್ ಪೆನ್ ಪರವಾಗಿಲ್ಲ. ಪೆನ್ಸಿಲ್ ಗೀರು ಮಾತ್ರ ನಿನ್ನೆ ಬರೆದ ಹಾಗಿದೆ. ಒಂದು ಪುಟ ಇಲ್ಲಿದೆ: “ಬೆಳಿಗ್ಗೆ 6:40. ಮಂಜು. ಎದುರಿನ ಗುಡ್ಡ ಕಾಣ್ತಿಲ್ಲ. ಬೊಡ್ಡೆ ಸಾಲು ಎಡಕ್ಕೆ ಬಿಟ್ಟು ಹೋಗುವುದು. ಊಟ ಆದ್ಮೇಲೆ ಎದುರು ಗಾಳಿ, ಹುಟ್ಟು ಹಾಕಿ ಕೈ ಸೋತಿತು.”

ಓದೋಕೆ ಎಷ್ಟು ಚೆಂದ! ಆದರೆ ಯಾವ ಬೊಡ್ಡೆ ಸಾಲು? ಈ ಕೆಲಸದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದೇ. ಈ ಹಿನ್ನೀರು ನಿಂತಿರುವ ಲಿಂಗನಮಕ್ಕಿ ಜಲಾಶಯ ಪೂರ್ತಿ, ಅಂದ್ರೆ ಸಮುದ್ರಮಟ್ಟದಿಂದ 1819 ಅಡಿವರೆಗೆ, ತುಂಬಿದಾಗ ನಡುಗಡ್ಡೆಯಾಗಿರುವ ಜಾಗ, ಬೇಸಿಗೆಯಲ್ಲಿ ನಡೆದು ಹೋಗುವ ಗುಡ್ಡ. ಮುಳುಗಿದ ಕಾಡಿನ ಒಣ ಬೊಡ್ಡೆಗಳು ಒಂದು ಮಟ್ಟದಲ್ಲಿ ಕಣ್ಣೆದುರಿಗೇ ಇರುತ್ತವೆ, ಇನ್ನೊಂದು ಮಟ್ಟದಲ್ಲಿ ನೀರಿಗಿಂತ ಗೇಣುದ್ದ ಕೆಳಗಿರುತ್ತವೆ. ದೋಣಿಯ ತಳ ಒಡೆಯುವುದು ಆಗಲೇ. ಹಾಗಾಗಿ ನೀರಿನ ಮಟ್ಟ ಗೊತ್ತಿಲ್ಲದೆ ಈ ಪುಟವನ್ನು ನಂಬಿ ಹೋಗೋ ಹಾಗಿಲ್ಲ.

ಈಗ ಪ್ರತಿ ಪುಟದ ಸ್ಕ್ಯಾನ್ ಜೊತೆ ಆ ದಿನದ ಮಟ್ಟವನ್ನೂ ಬರೆದಿಡುತ್ತಿದ್ದೇನೆ. ಲೈಬ್ರರಿಯಲ್ಲಿ ಹಳೇ ದಿನಪತ್ರಿಕೆ ತೆಗೆದು ಜಲಾಶಯದ ಅಂಕಿ ಹುಡುಕುವುದು ಒಂದು ದಾರಿ. ಇನ್ನೊಂದು ದಾರಿ ಪುಸ್ತಕದೊಳಗೇ ಸಿಕ್ಕಿತು. “ಮಡೆನೂರು ಡ್ಯಾಂ ಕಾಣಿಸಿತು” ಅಂತ ಇದ್ದರೆ ನೀರು ಚೆನ್ನಾಗಿ ಇಳಿದಿತ್ತು ಅಂತಲೇ ಅರ್ಥ. 1964ರಲ್ಲಿ ಲಿಂಗನಮಕ್ಕಿ ಆದಮೇಲೆ ಆ ಹಳೇ ಅಣೆಕಟ್ಟು ಮುಳುಗಿತು. ನೀರು ಇಳಿದ ವರ್ಷ ಮಾತ್ರ ಮೇಲೇಳುತ್ತೆ.

“ಲಾಂಚ್ ದಾರಿ ದಾಟಿ ಅರ್ಧ ಗಂಟೆ” ಅಂತಲೂ ಬಹಳ ಕಡೆ ಇದೆ. ಲಾಂಚ್ ಅಂದ್ರೆ ಜನ, ವಾಹನಗಳನ್ನು ಹಿನ್ನೀರು ದಾಟಿಸುತ್ತಿದ್ದ ದೊಡ್ಡ ದೋಣಿ. ಅದು ಓಡಾಡುತ್ತಿದ್ದ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2025ರ ಜುಲೈಯಿಂದ ಸೇತುವೆ ಬಂದಿದೆ. ಮುಂದೆ ಓದುವ ಮಕ್ಕಳಿಗೆ ಲಾಂಚ್ ದಾರಿ ಅಂದ್ರೆ ಯಾವುದು ಅಂತ ಹೇಳಬೇಕಾಗುತ್ತೆ. ಅದಕ್ಕೊಂದು ಕೈನಕ್ಷೆ ಶುರು ಮಾಡಿದ್ದೇನೆ.

ಕಂಪ್ಯೂಟರಿನಲ್ಲಿ ಬರೆದ ತಿರುಗಾಟದ ವರದಿಗಳೂ ಸುಲಭ ಇಲ್ಲ. ಹಳೇ ನುಡಿ ಫಾಂಟಿನ ಫೈಲು ಈಗ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡ್‌ಗೆ ಬದಲಾಯಿಸಿದ್ದೇನೆ, ಅರ್ಕಾವತ್ತು ತಪ್ಪಿದ ಕಡೆ ಕೈಯಲ್ಲೇ ತಿದ್ದುತ್ತಿದ್ದೇನೆ.

ಬೊಡ್ಡೆ ಸಾಲಿನ ಪುಟ ಬರೆದವರು ತುಮರಿ ಕಡೆಯ ಹಿರಿಯರು. ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. “ಅದು ಎರಡು ಸಾಲು ಇತ್ತು ಮಾರಾಯ, ನಾನು ಒಂದೇ ಬರ್ದಿದೀನಿ. ನಕ್ಷೆ ತಗೊಂಡು ಬಾ, ತೋರಿಸ್ತೀನಿ” ಅಂದರು. ಭಾನುವಾರ ಹೊರಟಿದ್ದೇನೆ. ನಾಲ್ಕು ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.