ಕಾಳುಮೆಣಸು: ಬೀಜದ ಸಸಿಯೋ, ಹಬ್ಬು ಬಳ್ಳಿಯ ತುಂಡೋ

ಹಕ್ಕಿ ಉದುರಿಸಿದ ಹಣ್ಣಿನಿಂದ ಅಡಿಕೆ ಮರದ ಬುಡದಲ್ಲಿ ತಾನಾಗಿ ಹುಟ್ಟಿದ ಮೆಣಸಿನ ಸಸಿ ಕಂಡರೆ ಕಿತ್ತು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಪುಕ್ಕಟೆ ಸಿಕ್ಕ ಬಳ್ಳಿ, ಇರಲಿ ಬಿಡು ಅನ್ನಿಸುತ್ತದೆ. ಇರಲಿ, ತಪ್ಪಿಲ್ಲ. ಆದರೆ ಅಂಥ ಸಸಿಗಳನ್ನೇ ಕೊಟ್ಟೆಗೆ (ಸಸಿ ಬೆಳೆಸುವ ಚೀಲಕ್ಕೆ) ಹಾಕಿ ತೋಟಕ್ಕೆಲ್ಲ ನೆಟ್ಟರೆ, ಏನು ನೆಟ್ಟಿದ್ದೇವೆ ಎಂದು ತಿಳಿಯುವುದಕ್ಕೇ ಐದಾರು ಮಳೆಗಾಲ ಕಳೆದಿರುತ್ತದೆ.

ಮಲ್ಲಿಗೆಸರ ಎಂಬ ತಳಿಯ ಕಾಳು ಬಿತ್ತಿದರೆ ಮಲ್ಲಿಗೆಸರವೇ ಹುಟ್ಟುತ್ತದೆ ಎಂಬ ಭರವಸೆ ಇಲ್ಲ. ಪಣಿಯೂರು-1ರಲ್ಲಂತೂ ಈ ಏರುಪೇರು ಎದ್ದು ಕಾಣುತ್ತದೆ. ಅದು ಉತಿರನ್‌ಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ಎಂಬ ಎರಡು ಕೇರಳದ ತಳಿಗಳ ಸಂಕರ. ಅದರ ಬೀಜದಿಂದ ಬಂದ ಹತ್ತು ಸಸಿ ಹತ್ತು ತರ. ಒಂದರ ತೆನೆ ಗಿಡ್ಡ, ಇನ್ನೊಂದರಲ್ಲಿ ಕಾಳು ಅಲ್ಲಲ್ಲಿ ಮಾತ್ರ. ಇದರ ಹಿಂದೆ ಇನ್ನೊಂದು ಕಾರಣವೂ ಇದೆ. ಘಟ್ಟದ ಕಾಡುಮೆಣಸಿನಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ನಾವು ಬೆಳೆಸುವ ತಳಿಗಳಲ್ಲಿ ಬಹುಪಾಲು ಹೂವು ದ್ವಿಲಿಂಗಿ, ಅದಕ್ಕೇ ತೆನೆ ತುಂಬುತ್ತದೆ. ಬೀಜದ ಸಸಿಯಲ್ಲಿ ಈ ಪ್ರಮಾಣ ಏರುಪೇರಾಗುತ್ತದೆ. ಹೆಣ್ಣು ಹೂವೇ ಜಾಸ್ತಿಯಾದರೆ ತೆನೆ ಬಿಟ್ಟರೂ ಕಾಳು ಕಟ್ಟುವುದಿಲ್ಲ.

ಹಾಗಾದರೆ ಬೀಜ ಯಾತಕ್ಕೆ? ಹೊಸದನ್ನು ಹುಡುಕುವುದಕ್ಕೆ. ಮಳೆಗಾಲದಲ್ಲಿ ಬಳ್ಳಿ ಕೊಲ್ಲುವ ಕೊಳೆ ರೋಗಕ್ಕೆ ತಕ್ಕಮಟ್ಟಿಗೆ ತಡೆಯುವ ಐಐಎಸ್‌ಆರ್ ಶಕ್ತಿ ಎಂಬ ತಳಿ ಸಿಕ್ಕಿದ್ದು ಪೆರಂಬ್ರಮುಂಡಿ ಎಂಬ ತಳಿಯ ಬೀಜದ ಸಸಿಗಳಲ್ಲಿ ಆರಿಸಿ. ಬೇಲಿಯ ಹತ್ತಿರದ ಹಾಲವಾಣ ಮರಕ್ಕೆ ನಾಲ್ಕು ಬೀಜದ ಸಸಿ ಹಬ್ಬಿಸಿ ನೋಡಬೇಕೆಂದಿದ್ದರೆ ತಾಯಿ ಬಳ್ಳಿಯಲ್ಲೇ ಪೂರ್ತಿ ಕೆಂಪಾದ ಹಣ್ಣು ಬೇಕು. ಅಂಗಡಿಯ ಕರಿಮೆಣಸು ಮೊಳೆಯುವುದಿಲ್ಲ. ಅದು ಹಸಿರಿರುವಾಗಲೇ ಕೊಯ್ದು ಬಿಸಿಲಲ್ಲಿ ಗರಿಗರಿ ಒಣಗಿಸಿದ್ದು. ಹಣ್ಣನ್ನು ಎರಡು ಮೂರು ದಿನ ನೀರಲ್ಲಿ ನೆನೆಸಿ, ಸಿಪ್ಪೆ ತಿಕ್ಕಿ ತೆಗೆದು, ನೆರಳಲ್ಲಿ ಆರಿಸಿ, ತಡಮಾಡದೆ ಮರಳಿಗೆ ಬಿತ್ತಬೇಕು. ಮೊಳಕೆಗೆ ತಿಂಗಳು ಹಿಡಿಯುತ್ತದೆ, ಹದಿನೈದು ದಿನಕ್ಕೇ ಕೆದಕಿ ನೋಡಬೇಡಿ.

ಹೊಟ್ಟೆಪಾಡಿನ ತೋಟಕ್ಕೆ ಬಳ್ಳಿಯ ತುಂಡೇ ಸರಿ. ತುಂಡಿನಿಂದ ಬಂದದ್ದು ತಾಯಿಯ ಪಡಿಯಚ್ಚು, ಮೂರನೇ ವರ್ಷಕ್ಕೆ ತೆನೆ ಕಾಣುತ್ತದೆ. ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಉತ್ತರ ಕನ್ನಡದ ಸೀಮೆ ಇದು. ಇಲ್ಲಿ ತಳಿ ಉಳಿದು ಬಂದದ್ದೇ ಕೈಯಿಂದ ಕೈಗೆ ದಾಟಿದ ತುಂಡುಗಳಲ್ಲಿ.

ಆದರೆ ಎಲ್ಲ ತುಂಡೂ ಒಂದೇ ಅಲ್ಲ. ಬಳ್ಳಿಯ ಯಾವ ಭಾಗದಿಂದ ಕತ್ತರಿಸುತ್ತೀರಿ ಎಂಬುದರ ಮೇಲೆ ಗಿಡದ ಆಕಾರವೇ ನಿಂತಿದೆ. ಬುಡದಲ್ಲಿ ಹುಟ್ಟಿ ನೆಲದ ಮೇಲೆ ಹರಿಯುವ ಹಬ್ಬು ಬಳ್ಳಿಯ ಗೆಣ್ಣು ಗೆಣ್ಣಿಗೂ ಬೇರಿನ ಮೊಟಕು ಇರುತ್ತದೆ. ಇದರ ತುಂಡು ನೆಟ್ಟರೆ ಮರ ಹತ್ತುವ ಬಳ್ಳಿ. ಪಕ್ಕಕ್ಕೆ ಚಾಚಿ ತೆನೆ ಬಿಡುವ ರೆಂಬೆಯ ಗೆಣ್ಣಿನಲ್ಲಿ ಆ ಬೇರು ಇರುವುದಿಲ್ಲ. ಅದರ ತುಂಡು ಕಷ್ಟಪಟ್ಟು ಬೇರು ಬಿಟ್ಟರೂ ಮರ ಹತ್ತುವುದಿಲ್ಲ, ಕುಂಡದ ಪೊದೆ ಮೆಣಸಾಗುತ್ತದೆ. ಮನೆಯಂಗಳಕ್ಕೆ ಚೆಂದ, ಅಡಿಕೆ ಮರಕ್ಕೆ ದಂಡ.

ತಾಯಿ ಬಳ್ಳಿಯನ್ನು ಗುರುತು ಹಾಕುವ ಕಾಲ ಕೊಯ್ಲಿಗೆ ಮುಂಚೆ, ತೆನೆ ಮೈದುಂಬಿರುವಾಗ. ಐದರಿಂದ ಹನ್ನೆರಡು ವರ್ಷದ ಬಳ್ಳಿ, ಸತತ ಎರಡು ಮೂರು ವರ್ಷ ಚೆನ್ನಾಗಿ ಬಿಟ್ಟದ್ದು. ಎಲೆ ಚಿಕ್ಕದಾಗಿ ಮುರುಟಿದ್ದರೆ, ಹಳದಿ ಚುಕ್ಕೆ ಗೆರೆ ಇದ್ದರೆ, ಎಷ್ಟೇ ಬಿಡಲಿ, ಅದನ್ನು ಮುಟ್ಟಬೇಡಿ. ವೈರಸ್ ಇದ್ದರೆ ತುಂಡಿನ ಜೊತೆಯಲ್ಲೇ ಕೊಟ್ಟೆಗೆ ಬರುತ್ತದೆ, ಅದಕ್ಕೆ ಔಷಧ ಇಲ್ಲ. ಆರಿಸಿದ ಬಳ್ಳಿಯ ಹಬ್ಬನ್ನು ನೆಲಕ್ಕೆ ಬಿಡದೆ, ಬುಡದಲ್ಲಿ ಗೂಟ ಹುಗಿದು ಸುತ್ತಿಡಿ. ನೆಲದಲ್ಲಿ ಬೇರೂರಿದ ಹಬ್ಬು ಮಣ್ಣಿನ ಕೊಳೆ ಶಿಲೀಂಧ್ರವನ್ನೂ ಬೇರು ಕೆಡಿಸುವ ಜಂತುಹುಳುವನ್ನೂ (ನೆಮಟೋಡ್) ಹೊತ್ತು ತರುತ್ತದೆ.

ಫೆಬ್ರವರಿ-ಮಾರ್ಚಿನಲ್ಲಿ ಹಬ್ಬು ಬಿಡಿಸಿ, ತೀರ ಎಳೆಯ ತುದಿ ಮತ್ತು ಗಟ್ಟಿ ಬುಡ ಬಿಟ್ಟು ನಡುವಿನ ಭಾಗ ಆರಿಸಿ. ಎಳೆಯದು ಕೊಳೆಯುತ್ತದೆ, ಬಲಿತದ್ದು ಚಿಗುರಲು ತಡಮಾಡುತ್ತದೆ. ಎರಡು ಮೂರು ಗೆಣ್ಣಿನ ತುಂಡು ಮಾಡಿ, ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಿ. ಬೇರಿನ ಹಾರ್ಮೋನ್ ಐಬಿಎ ಸಿಕ್ಕರೆ ಲೀಟರಿಗೆ 1 ಗ್ರಾಮಿನ ದ್ರಾವಣದಲ್ಲಿ ಬುಡವನ್ನು 45 ಸೆಕೆಂಡು ಅದ್ದಿ. ಸಿಗದಿದ್ದರೂ ಹಬ್ಬು ಬಳ್ಳಿ ಬೇರು ಬಿಡುತ್ತದೆ. ಕೊಟ್ಟೆಗೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಜೊತೆಗೆ ಕೊಳೆಯನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಶಿಲೀಂಧ್ರ. ಹಸಿ ಗೊಬ್ಬರ ಹಾಕಿದರೆ ಕಾವಿಗೆ ಬುಡ ಬೇಯುತ್ತದೆ. ಒಂದು ಗೆಣ್ಣಾದರೂ ಮಣ್ಣೊಳಗಿರಬೇಕು. ತುಂಡನ್ನು ತಲೆಕೆಳಗಾಗಿ ನೆಡುವವರೂ ಇದ್ದಾರೆ! ತೊಟ್ಟಿನ ಕಂಕುಳಲ್ಲಿರುವ ಮೊಗ್ಗು ಮೇಲ್ಮುಖವಾಗಿರಲಿ.

ಹೆಚ್ಚು ಸಸಿ ಸಾಯುವುದು ನೀರಿನ ಕೊರತೆಯಿಂದಲ್ಲ, ನೀರು ನಿಂತು. ಕೊಟ್ಟೆಗೆ ತೂತು ಸಾಲದಿದ್ದರೆ ಮೇಲೆ ಹಸಿರಿದ್ದೇ ಒಳಗೆ ಕರ್ರಗಾಗಿ ಕೊಳೆತಿರುತ್ತದೆ. ನೆರಳು ಬೇಕು, ಗಾಳಿಯೂ ಬೇಕು. ಎಲೆಯ ಮೇಲೆ ಕಪ್ಪು ಚುಕ್ಕೆ ಎದ್ದು ಅಂಚು ಜಾಲರಿಯಂತೆ ಹರಡಿದರೆ ಅದು ಕೊಳೆಯೇ. ಆ ಕೊಟ್ಟೆಯನ್ನು ಮಣ್ಣು ಸಮೇತ ಹೊರಗೆ ಒಯ್ದು ಸುಟ್ಟು, ಉಳಿದವಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯಿರಿ. ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಅಡಿಕೆಗೆ ಹೊಡೆಯುವ ಅದೇ ಲೆಕ್ಕ.

ತುಂಡಿಗೂ ಒಂದು ದೋಷ ಇದೆ, ಅದನ್ನು ನರ್ಸರಿಯವರು ಹೇಳುವುದಿಲ್ಲ. ಒಂದೇ ತಾಯಿಯ ಮಕ್ಕಳಿಂದ ತೋಟ ತುಂಬಿದರೆ ಆ ತಾಯಿಗೆ ತಡೆಯದ ರೋಗ ಬಂದ ವರ್ಷ ಇಡೀ ತೋಟದ ಬಳ್ಳಿ ಒಟ್ಟಿಗೆ ಸೊರಗುತ್ತದೆ. ಜೂನ್-ಜುಲೈ ಮಳೆ ಎಡೆಬಿಡದೆ ಹಿಡಿಯುವ ಶಿರಸಿ, ಸಿದ್ದಾಪುರದ ಕಣಿವೆ ತೋಟಗಳಲ್ಲಿ ಪಣಿಯೂರು-1 ಒಂದನ್ನೇ ನಂಬುವುದು ನನ್ನ ಮಟ್ಟಿಗೆ ಜೂಜು. ನೂರು ಮರ ಇದ್ದರೆ ಮೂರು ತಳಿ ಬೆರೆಸಿ, ಅದರಲ್ಲಿ ಒಂದಾದರೂ ಊರಿನದ್ದಿರಲಿ. ಮೆಣಸಿನ ಬಳಗದ ಬ್ರೆಜಿಲ್ ಹಿಪ್ಪಲಿ ಗಿಡದ ಮೇಲೆ ಕಟ್ಟಿದ ಕಸಿ ಗಿಡ ಜೌಗಿನ ಜಾಗಕ್ಕೆ ಆಗುತ್ತದೆ, ಬೇಸಿಗೆಯಲ್ಲಿ ನೀರು ತಪ್ಪಿದರೆ ಮಾತ್ರ ಒಣಗುತ್ತದೆ.

ಸಸಿ ಕೊಳ್ಳುವುದಾದರೆ ಒಂದು ಕೊಟ್ಟೆ ಸೀಳಿಸಿ ನೋಡಿ. ಬೇರು ಬೆಳ್ಳಗೆ, ಕವಲೊಡೆದು ಇರಬೇಕು. ಸಣ್ಣ ಗಂಟುಗಳಿದ್ದರೆ ಜಂತುಹುಳು, ತುದಿ ಕಪ್ಪಾಗಿದ್ದರೆ ಕೊಳೆ. ಮಾಲೀಕರು ಸೀಳಲು ಒಪ್ಪದಿದ್ದರೆ ಬೇರೆ ನರ್ಸರಿ ನೋಡಿ.

ಮಳೆ ಹದವಾಗಿ ಹಿಡಿದ ಮೇಲೆ ಅಡಿಕೆ ಮರದ ಉತ್ತರ ಮಗ್ಗುಲಿಗೆ, ಬುಡದಿಂದ ಒಂದು ಅಡಿ ದೂರ, ನೀರು ನಿಲ್ಲದ ಹಾಗೆ ಮಣ್ಣು ಏರಿಸಿ ನೆಡಿ. ಗುಂಡಿಯಲ್ಲಿ ತಗ್ಗು ಉಳಿದರೆ ಜುಲೈಯಲ್ಲಿ ಅದೇ ಕೆರೆ. ಚಿಗುರು ಏರಿದ ಹಾಗೆ ಬಾಳೆಪಟ್ಟೆಯಿಂದ ಸಡಿಲವಾಗಿ ಮರಕ್ಕೆ ಕಟ್ಟುತ್ತ ಹೋಗಿ. ಪ್ಲಾಸ್ಟಿಕ್ ದಾರ ಬೇಡ, ಬಳ್ಳಿ ದಪ್ಪವಾದಾಗ ಅದು ಕತ್ತು ಬಿಗಿಯುತ್ತದೆ.