ವೈಟ್ ಹಾರ್ಟ್‌ನ ಕಪ್ಪು ಹಲಗೆ

ನಮ್ಮ ಭಾವನಿಗೆ ಹಳೇ ವಿಮಾನಗಳ ಹುಚ್ಚು. ಇಂಗ್ಲೆಂಡಿಗೆ ಬಂದವಳನ್ನು ಅರಮನೆ, ಗಡಿಯಾರ ಗೋಪುರ ಅಂತ ಸುತ್ತಿಸೋದು ಬಿಟ್ಟು ಸೀದಾ ಕೆಂಟ್‌ನ ಬ್ರಾಸ್ಟೆಡ್ ಅನ್ನೋ ಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿನ ವೈಟ್ ಹಾರ್ಟ್ ಮೇಲ್ನೋಟಕ್ಕೆ ರಸ್ತೆ ಬದಿಯ ಸಾಮಾನ್ಯ ಪಬ್. ಊಟಕ್ಕೆ ಬಂದ ಸಂಸಾರಗಳು, ಕುರ್ಚಿ ಎಳೆದಾಡುವ ಮಕ್ಕಳು. ಭಾವ ಬಿಯರ್ ತಗೊಂಡರು, ನಾನು ನಿಂಬೆ ಸೋಡಾ.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಬ್ರಿಟನ್ ಮೇಲೆ ಮುಗಿಬಿದ್ದಿದ್ದ 1940ರಲ್ಲಿ ಇಲ್ಲಿ ಸಂಜೆಯಾದರೆ ಬಿಗಿನ್ ಹಿಲ್ ವಾಯುನೆಲೆಯ ಹುಡುಗರು ಕಾರು ತುಂಬಿಕೊಂಡು ಬರುತ್ತಿದ್ದರು. ನೆಲೆ ಇಲ್ಲಿಂದ ಕೆಲವೇ ಮೈಲಿ. ಬ್ರಿಯನ್ ಕಿಂಗ್‌ಕಮ್‌ನಂಥ ಪೈಲಟ್‌ಗಳಿಗೆ ಇದೇ ಕಾಯಂ ಅಡ್ಡಾ. ಅವನಿದ್ದ ವಾಯುಪಡೆಯ ತುಕಡಿ, 92ನೇ ಸ್ಕ್ವಾಡ್ರನ್, ಮೋಜಿಗೂ ಹೆಸರುವಾಸಿ. ಹಗಲೆಲ್ಲ ಸ್ಪಿಟ್‌ಫೈರ್ ಯುದ್ಧವಿಮಾನದಲ್ಲಿ ಸಾವಿನ ಜೊತೆ ಹೋರಾಟ, ರಾತ್ರಿ ಇಲ್ಲಿ ನಗು, ಕುಡಿತ, ಬೆಳಗಾದರೆ ಮತ್ತೆ ಮೇಲಕ್ಕೆ. ಅವರಲ್ಲಿ ಎಷ್ಟೋ ಜನಕ್ಕೆ ಇಪ್ಪತ್ತೊಂದೋ ಇಪ್ಪತ್ತೆರಡೋ. ನಮ್ಮಲ್ಲಿ ಆ ವಯಸ್ಸಿನವರು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ಇರ್ತಾರೆ, ಅಲ್ವಾ? ಆಗಸ್ಟ್ 30ರ ಒಂದೇ ದಾಳಿಯಲ್ಲಿ ಬಿಗಿನ್ ಹಿಲ್ ನೆಲೆಯಲ್ಲೇ 39 ಜನ ಸತ್ತರು. ಅದೆಲ್ಲ ಗೊತ್ತಿದ್ದೂ ಇಲ್ಲಿ ಕೂತು ನಗುತ್ತಿದ್ದರಲ್ಲ, ಅದನ್ನು ಬರೀ ಪೋಲಿತನ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಪಬ್ ನಡೆಸುತ್ತಿದ್ದವರು ಕ್ಯಾತ್ ಪ್ರೆಸ್ಟನ್ ಮತ್ತು ಅವರ ಗಂಡ. ಬಾಂಬರ್‌ಗಳಿಗೆ ಬೆಳಕು ಕಾಣಬಾರದು ಅಂತ ಆಗ ಮನೆಮನೆಯಲ್ಲೂ ಕಿಟಕಿ ಮುಚ್ಚಬೇಕಿತ್ತು. ಹಾಗೆ ಮುಚ್ಚಲು ಪಬ್‌ನಲ್ಲಿ ಇಟ್ಟುಕೊಂಡಿದ್ದ ಕಪ್ಪು ಹಲಗೆಯ ಮೇಲೆ ಪೈಲಟ್‌ಗಳು ಸೀಮೆಸುಣ್ಣದಲ್ಲಿ ಸಹಿ ಹಾಕಿದರು. ಮೂಲ ಹಲಗೆ ಈಗ ಹತ್ತಿರದ ಶೋರ್‌ಹ್ಯಾಮ್ ಏರ್‌ಕ್ರಾಫ್ಟ್ ಮ್ಯೂಸಿಯಂನಲ್ಲಿದೆ, ಅದನ್ನೂ ನೋಡಿ ಬಂದೆವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸೀಮೆಸುಣ್ಣವೇ. ಕಂಚಿನ ಫಲಕದ ಮೇಲೆ ಕೆತ್ತಿಸಿದ ಹೆಸರುಗಳನ್ನು ಎಷ್ಟು ನೋಡಿಲ್ಲ! ಇದು ಯಾರೋ ಒರಗಿ ನಿಂತರೆ ತೋಳಿಗೆ ಮೆತ್ತಿಕೊಂಡು ಹೋಗುವಂಥದ್ದು. ಬಾರ್ ಒರೆಸುವ ಬಟ್ಟೆಯಲ್ಲೇ ಒಂದು ದಿನ ಎಲ್ಲ ಅಳಿಸಿ ಹಾಕಬಹುದಿತ್ತು. ಅಳಿಸದೆ ಕಾಪಾಡಿದ್ದಾರೆ.

ನಮ್ಮ ದೇಶದವರು ಯಾರೂ ಇರಲಿಲ್ವಾ ಅಂತ ಕೇಳಿದೆ. ಭಾವ ಅದಕ್ಕೇ ಕಾಯುತ್ತಿದ್ದರೇನೋ! ಆ ವರ್ಷವೇ ಭಾರತದಿಂದ 24 ಪೈಲಟ್‌ಗಳು ಬ್ರಿಟನ್ನಿಗೆ ಬಂದಿದ್ದರಂತೆ. ಅವರಲ್ಲಿ ಮಹಿಂದರ್ ಸಿಂಗ್ ಪುಜ್ಜಿ ಪೇಟ ತೆಗೆಯದೆ ಹರಿಕೇನ್ ಯುದ್ಧವಿಮಾನ ಹಾರಿಸಿದವರು, ಪೇಟದ ಮೇಲೆಯೇ ಹೆಡ್‌ಫೋನ್. ವಿಮಾನ ಕೆಳಗೆ ಬಿದ್ದಾಗ ತಲೆ ಉಳಿಸಿದ್ದೂ ಆ ಪೇಟವೇ. ಕೊನೆಗಾಲದಲ್ಲಿ ಇದೇ ಕೆಂಟ್‌ನ ಗ್ರೇವ್ಸೆಂಡ್‌ನಲ್ಲಿ ನೆಲೆಸಿದ್ದರು, 2010ರಲ್ಲಿ ತೀರಿಕೊಂಡರು. ಗ್ರೇವ್ಸೆಂಡ್‌ನಲ್ಲಿ ಅವರ ಪ್ರತಿಮೆಯೂ ಇದೆ. ಆ ದಿನ ಅಲ್ಲಿಗೆ ಹೋಗಲು ಹೊತ್ತಾಗಿತ್ತು.

ಯಾರಾದರೂ ಆ ಕಡೆ ಹೋದರೆ ಮೊದಲು ಶೋರ್‌ಹ್ಯಾಮ್‌ಗೆ ಹೋಗಿ, ಆಮೇಲೆ ಬ್ರಾಸ್ಟೆಡ್‌ನಲ್ಲಿ ಊಟ ಮಾಡಿ. ಹಲಗೆ ನೋಡಿದ ಮೇಲೆ ಪಬ್‌ನಲ್ಲಿ ಕೂತರೆ ಮಾತಾಡೋಕೆ ವಿಷಯ ಜಾಸ್ತಿ. ಮ್ಯೂಸಿಯಂ ನಡೆಸುವವರು ಸ್ವಯಂಸೇವಕರು, ಎಲ್ಲಾ ದಿನ ಬಾಗಿಲು ತೆಗೆದಿರಲ್ಲ, ವಿಚಾರಿಸಿಕೊಂಡೇ ಹೊರಡಿ.